ಹೊಸ ಕೈಗೆ ಉಗುರಿನ ಮೆಷಿನ್ ಕೊಡಬಹುದೇ?

ನಮ್ಮ ತಾಯಂದಿರ ಕಾಲದಲ್ಲಿ ಉಗುರಿನ ಅಲಂಕಾರ ಅಂದರೆ ಹಬ್ಬದ ಹಿಂದಿನ ರಾತ್ರಿ ಹಚ್ಚಿಕೊಳ್ಳುವ ಮದರಂಗಿ, ಇಲ್ಲವೆ ಜಾತ್ರೆಯಲ್ಲಿ ಕೊಂಡ ಒಂದು ಪುಟ್ಟ ಬಾಟಲಿ ಬಣ್ಣ. ಉಗುರಿಗಾಗಿಯೇ ಒಂದು ಅಂಗಡಿ ಇರುತ್ತದೆ, ಅಲ್ಲಿ ಎರಡು ಗಂಟೆ ಕೈ ಚಾಚಿ ಕೂರುತ್ತಾರೆ ಎಂದರೆ ಅವರು ನಂಬುತ್ತಿರಲಿಲ್ಲ. ಈಗ ಬೆಂಗಳೂರಿನ ಜಯನಗರ, ಇಂದಿರಾನಗರಗಳಲ್ಲಷ್ಟೇ ಅಲ್ಲ, ಮೈಸೂರು, ಮಂಗಳೂರು, ಹುಬ್ಬಳ್ಳಿಯಲ್ಲೂ ನೇಲ್ ಸ್ಟುಡಿಯೊ ಬೋರ್ಡುಗಳು ಕಾಣುತ್ತವೆ. ಬೆಂಗಳೂರಿನಲ್ಲಿ ಈ ಕೆಲಸವನ್ನು ಬಹುಕಾಲ ಹೊತ್ತು ನಡೆಸಿದವರಲ್ಲಿ ಮಣಿಪುರ, ಮಿಜೋರಾಂ, ನಾಗಾಲ್ಯಾಂಡ್ ಕಡೆಯ ಹುಡುಗಿಯರು ಬಹಳ ಮಂದಿ. ಈಗ ನಮ್ಮ ಸಣ್ಣ ಊರುಗಳ ಹೆಣ್ಣುಮಕ್ಕಳೂ ಕಲಿಯಲು ಬರುತ್ತಿದ್ದಾರೆ. ಒಬ್ಬಳು ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದು ಬಂದಿರುತ್ತಾಳೆ, ಇನ್ನೊಬ್ಬಳು ಬಳೆ ಅಡವಿಟ್ಟು ಬಂದಿರುತ್ತಾಳೆ. ಕಲಿಸುವ ಕೋಣೆಗೆ ಕಾಲಿಟ್ಟ ಮೊದಲ ವಾರವೇ ಅವರು ನಮ್ಮನ್ನು ಕೇಳುವುದು ಒಂದೇ ಪ್ರಶ್ನೆ: "ಮೇಡಂ, ಡ್ರಿಲ್ ಮೆಷಿನ್ ಯಾವಾಗ ಕೊಡ್ತೀರಿ?"

ಕಸುಬಿನ ಪುಸ್ತಕಗಳಲ್ಲಿ ಅದರ ಹೆಸರು ಇ-ಫೈಲ್. ಕರೆಂಟಿನಲ್ಲಿ ಓಡುವ ಫೈಲ್. ಪೆನ್ನಿನಂತೆ ಕೈಯಲ್ಲಿ ಹಿಡಿಯುವ ಒಂದು ಹಿಡಿ, ಅದರ ಬಾಯಿಗೆ ಸಿಕ್ಕಿಸುವ ಬಿಟ್, ವೇಗ ಏರಿಸಿ ಇಳಿಸುವ ಒಂದು ಪೆಟ್ಟಿಗೆ, ಇಷ್ಟೇ. ಉಗುರಿನ ಮೇಲೆ ಕೂರಿಸಿದ ಗಟ್ಟಿಯಾದ ಜೆಲ್ಲನ್ನೋ ಅಕ್ರಿಲಿಕ್ಕನ್ನೋ ಕೈ ಫೈಲಿನಲ್ಲಿ ಅರ್ಧ ಗಂಟೆ ತಿಕ್ಕುವ ಕಡೆ ಇದು ಐದಾರು ನಿಮಿಷದಲ್ಲಿ ಸವೆಸುತ್ತದೆ. ಆದ್ದರಿಂದಲೇ ಹುಡುಗಿಯರಿಗೆ ಅದರ ಮೇಲೆ ಅಷ್ಟು ಆಸೆ.

ಕಲಿಸುವವರಲ್ಲಿ ಇದರ ಬಗ್ಗೆ ಎರಡು ಪಂಗಡ ಇದೆ. ಹೊಸಬರು ಒಂದು ವರ್ಷ ಮೆಷಿನ್ ಮುಟ್ಟಲೇಬಾರದು, ಕೈ ಫೈಲಿನಲ್ಲೇ ಪಳಗಬೇಕು ಎನ್ನುವವರು ಒಂದು ಕಡೆ. ಮೂರು ದಿನದ ಕೋರ್ಸಿನ ಎರಡನೆಯ ದಿನವೇ ಮೆಷಿನ್ ಕೈಗಿತ್ತು, ಮೂರನೆಯ ದಿನ ಪ್ರಮಾಣಪತ್ರದ ಜೊತೆ ಫೋಟೊ ತೆಗೆಸುವವರು ಇನ್ನೊಂದು ಕಡೆ. ನಾನು ಈ ಎರಡನ್ನೂ ಒಪ್ಪುವುದಿಲ್ಲ. ಮೆಷಿನ್ ಕೊಡಬೇಕು, ಬೇಗನೆ ಕೊಡಬೇಕು. ಆದರೆ ಬಹಳ ದಿನ ಅದು ಜೀವಂತ ಬೆರಳಿನ ಹತ್ತಿರ ಹೋಗಬಾರದು. ಇದಕ್ಕೆ ಕಾರಣ ತಿಳಿಯಬೇಕಾದರೆ ಉಗುರು ಎಂಥದ್ದು ಎಂಬುದನ್ನು ಮೊದಲು ನೋಡಬೇಕು.

ಕೈಯುಗುರಿನ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಕೂದಲಿನಲ್ಲಿರುವ ಕೆರಾಟಿನ್ ಎಂಬ ವಸ್ತುವೇ ಇಲ್ಲೂ ಪದರ ಪದರವಾಗಿ ಒತ್ತಿಕೊಂಡು ಗಟ್ಟಿಯಾಗಿರುತ್ತದೆ. ಉಗುರು ಹುಟ್ಟುವ ಜಾಗ ಬುಡದ ಚರ್ಮದ ಒಳಗಿದೆ. ಹೆಬ್ಬೆರಳಿನಲ್ಲಿ ಬೆಳ್ಳಗೆ ಅರ್ಧಚಂದ್ರದಂತೆ ಕಾಣುವುದು ಆ ಜಾಗದ ಅಂಚು. ಅಲ್ಲಿಂದ ಹೊರಗೆ ಬಂದ ಉಗುರಿಗೆ ಜೀವವಿಲ್ಲ. ಜೀವವಿಲ್ಲದ್ದು ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳಲಾರದು. ಚರ್ಮ ತರಚಿದರೆ ವಾರದಲ್ಲಿ ಮಾಯುತ್ತದೆ. ಉಗುರನ್ನು ಹೆರೆದು ತೆಳ್ಳಗೆ ಮಾಡಿದರೆ ಎಣ್ಣೆ ಹಚ್ಚಿದರೂ ಅಷ್ಟೆ, ಕ್ರೀಮು ಹಚ್ಚಿದರೂ ಅಷ್ಟೆ, ಆ ಭಾಗ ಬೆಳೆದು ತುದಿಗೆ ಬಂದು ಕತ್ತರಿಸಿ ಹೋಗುವ ತನಕ ಹಾಗೇ ಇರುತ್ತದೆ. ಕೈಯುಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿಲಿಮೀಟರ್. ಬುಡದಿಂದ ತುದಿಗೆ ಬರಲು ಹತ್ತಿರ ಹತ್ತಿರ ಆರು ತಿಂಗಳು ಬೇಕು. ಮಾಘದ ಮದುವೆಯಲ್ಲಿ ಮದುಮಗಳ ಉಗುರಿನ ಬುಡಕ್ಕೆ ಬಿದ್ದ ಗೀರು ಶ್ರಾವಣದ ಗೌರಿ ಪೂಜೆಗೆ ಕೈ ಜೋಡಿಸುವಾಗಲೂ ಕಾಣುತ್ತಿರುತ್ತದೆ. ಕಾಲಿನ ಉಗುರಿಗಂತೂ ಒಂದು ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ.

ಈ ಅರ್ಧ ಮಿಲಿಮೀಟರಿನ ಮೇಲೆ ನಾವು ಇಡುವ ಮೆಷಿನ್ನುಗಳು ನಿಮಿಷಕ್ಕೆ 30,000 ಸುತ್ತು, ಕೆಲವು 35,000 ಸುತ್ತು ತಿರುಗಬಲ್ಲವು. 30,000 ಎಂದರೆ ಸೆಕೆಂಡಿಗೆ 500 ಸುತ್ತು. ಹುಡುಗಿ ಯಾರೋ ಕರೆದರೆಂದು ಒಮ್ಮೆ ತಲೆಯೆತ್ತಿ ನೋಡುವಷ್ಟರಲ್ಲಿ ಬಿಟ್ ಒಂದೇ ಜಾಗದಲ್ಲಿ ಸಾವಿರ ಸಲ ಸುತ್ತಿರುತ್ತದೆ.

ಈ ಮೆಷಿನ್ ಉಗುರಿಗೆಂದು ಹುಟ್ಟಿದ್ದಲ್ಲ, ಹಲ್ಲಿಗೆಂದು ಹುಟ್ಟಿದ್ದು. 1871ರಲ್ಲಿ ಅಮೆರಿಕದ ಜೇಮ್ಸ್ ಮಾರಿಸನ್ ಕಾಲಿನಿಂದ ತುಳಿದು ಓಡಿಸುವ ಹಲ್ಲಿನ ಡ್ರಿಲ್ಲಿಗೆ ಪೇಟೆಂಟ್ ಪಡೆದ. ನಾಲ್ಕು ವರ್ಷದ ನಂತರ, 1875ರಲ್ಲಿ, ಜಾರ್ಜ್ ಗ್ರೀನ್ ಎಂಬಾತ ಅದನ್ನು ವಿದ್ಯುತ್ತಿನಿಂದ ಓಡುವಂತೆ ಮಾಡಿದ. ಕೃತಕ ಉಗುರಿನ ಅಕ್ರಿಲಿಕ್ ಕೂಡ ಹಲ್ಲಿನ ವೈದ್ಯರ ಮೇಜಿನಿಂದಲೇ ಬಂದದ್ದು. 1950ರ ದಶಕದಲ್ಲಿ ಫ್ರೆಡರಿಕ್ ಸ್ಲ್ಯಾಕ್ ಎಂಬ ದಂತವೈದ್ಯ ತನ್ನ ಮುರಿದ ಉಗುರನ್ನು ಹಲ್ಲಿಗೆ ಬಳಸುವ ಅಕ್ರಿಲಿಕ್ಕಿನಿಂದಲೇ ಸರಿಮಾಡಿಕೊಂಡ. ವಸ್ತು ಬಂತು, ಮೆಷಿನ್ ಬಂತು, ಆದರೆ ಅವುಗಳ ಜೊತೆ ಬರಬೇಕಾಗಿದ್ದ ಶಿಸ್ತು ಬರಲಿಲ್ಲ ಎಂಬುದು ನನ್ನ ಸಂಕಟ. ಇವತ್ತು ನಮ್ಮ ದೇಶದಲ್ಲಿ ಹಲ್ಲಿನ ವೈದ್ಯರಾಗಲು ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಆ ವಿದ್ಯಾರ್ಥಿ ರೋಗಿಯ ಬಾಯಿಗೆ ಡ್ರಿಲ್ ಇಡುವ ಮೊದಲು ಬೊಂಬೆಯ ತಲೆಯಲ್ಲಿ ಕೂರಿಸಿದ ಕೃತಕ ಹಲ್ಲುಗಳ ಮೇಲೆ, ಕಿತ್ತ ಹಲ್ಲುಗಳ ಮೇಲೆ ತಿಂಗಳುಗಟ್ಟಲೆ ಕೈ ಪಳಗಿಸಿಕೊಂಡಿರುತ್ತಾನೆ. ಅದೇ ಬಗೆಯ ಮೆಷಿನ್ನನ್ನು ನಾವು ಒಬ್ಬ ಹುಡುಗಿಯ ಕೈಗೆ ಕೊಟ್ಟು, ಪಕ್ಕದಲ್ಲಿ ಕುಳಿತ ಗೆಳತಿಯ ಬೆರಳ ಮೇಲೆ "ಟ್ರೈ ಮಾಡು" ಅನ್ನುತ್ತೇವೆ. ಇದು ತಪ್ಪು.

ಹಾಗಾದರೆ ವರ್ಷಗಟ್ಟಲೆ ಕೈ ಫೈಲೇ ಸಾಕು ಎನ್ನುವವರ ಮಾತು ಸರಿಯೇ? ಅವರ ಮಾತಿನಲ್ಲಿ ಒಂದು ಭಾಗ ನಿಜ. ಉಗುರಿನ ಆಕಾರ, ಎಲ್ಲಿ ಉಬ್ಬು ಇರಬೇಕು, ಎಲ್ಲಿ ತೆಳ್ಳಗಾಗಬೇಕು, ಎರಡು ಬದಿ ಸಮವಾಗಿದೆಯೇ ಎಂಬ ಕಣ್ಣು ಬರುವುದು ಕೈ ಫೈಲಿನಲ್ಲಿ. ಆ ಕಣ್ಣಿಲ್ಲದವಳು ಮೆಷಿನ್ ಹಿಡಿದರೆ ತಪ್ಪು ಆಕಾರವನ್ನೇ ಬೇಗ ಬೇಗ ಮಾಡುತ್ತಾಳೆ. ಆದರೆ ಕೈ ಫೈಲಿನಿಂದ ಹಾನಿಯೇ ಇಲ್ಲ ಎಂದು ತಿಳಿಯುವುದು ಸರಿಯಲ್ಲ. 80, 100 ನಂಬರಿನ ಒರಟು ಫೈಲನ್ನು ಸಹಜ ಉಗುರಿನ ಮೇಲೆ ಎಳೆದರೆ ಪದರಗಳು ಸಿಗಿದು ಬರುತ್ತವೆ; ಸಹಜ ಉಗುರಿಗೆ 180ಕ್ಕಿಂತ ಒರಟು ಸಲ್ಲದು. ನಾನು ಕಂಡಂತೆ ಉಗುರು ಹಾಳಾಗುವುದರಲ್ಲಿ ದೊಡ್ಡ ಪಾಲು ಮೆಷಿನ್ನಿನದೂ ಅಲ್ಲ, ಫೈಲಿನದೂ ಅಲ್ಲ. ಅಸಿಟೋನಿನಲ್ಲಿ ಪೂರ್ತಿ ನೆನೆಯದ ಜೆಲ್ ಪಾಲಿಶನ್ನು ಸ್ಟೀಲ್ ಪುಷರಿನಿಂದ ಮೀಟಿ ಕೀಳುವುದರದು. ಕಿತ್ತು ಬರುವ ಬಣ್ಣದ ಜೊತೆ ಉಗುರಿನ ಮೇಲಿನ ಪದರವೂ ಬರುತ್ತದೆ. ಆಮೇಲೆ ದಿನಕ್ಕೆ ಏಳೆಂಟು ಜನರ ಕೈ ತಿಕ್ಕುವ ಹುಡುಗಿಯ ಮಣಿಕಟ್ಟಿನ ಗತಿಯನ್ನೂ ಕೇಳಬೇಕು. ನೋವು ಶುರುವಾದರೆ ಮನೆಯಲ್ಲಿ ಒಂದು ಕೊಡ ನೀರು ಎತ್ತಲಾಗದೆ ಅಳುವವರಿದ್ದಾರೆ. ಮೆಷಿನ್ ಆ ಮಣಿಕಟ್ಟನ್ನು ಉಳಿಸುತ್ತದೆ.

ಇನ್ನೂ ಒಂದು ಮಾತು. ನೀವು ಮುಟ್ಟಬೇಡ ಎಂದಷ್ಟಕ್ಕೆ ಕಲಿಯಲು ಬಂದವಳು ಮುಟ್ಟದೆ ಇರುವುದಿಲ್ಲ. ಸಾವಿರ ರೂಪಾಯಿಯ ಒಳಗೆ ಆನ್‌ಲೈನಿನಲ್ಲಿ ಸಿಗುವ ಪೆನ್ ಡ್ರಿಲ್ ತರಿಸಿ, ರೀಲ್ಸ್ ನೋಡಿಕೊಂಡು, ರಾತ್ರಿ ತಂಗಿಯ ಕೈ ಮೇಲೆ ಕಲಿಯುತ್ತಾಳೆ. ರೀಲ್ಸಿನಲ್ಲಿ ಒಂದೂವರೆ ಗಂಟೆಯ ಕೆಲಸವನ್ನು ಮೂವತ್ತು ಸೆಕೆಂಡಿಗೆ ಇಳಿಸಿರುತ್ತಾರೆ. ಅದರಲ್ಲಿ ಬಿಟ್ ಹೇಗೆ ಹಾರುತ್ತದೋ ಹಾಗೆಯೇ ಹಾರಿಸಬೇಕು ಎಂದು ಅವಳು ತಿಳಿಯುತ್ತಾಳೆ. ಹೊಲಿಗೆ ಕಲಿಸುವವರು ಇದನ್ನು ಚೆನ್ನಾಗಿ ಬಲ್ಲರು. ಮೋಟಾರ್ ಹಾಕಿದ ಹೊಲಿಗೆ ಮೆಷಿನ್ನನ್ನು ಅವರು ಮುಚ್ಚಿಡುವುದಿಲ್ಲ. ಮೊದಲು ದಾರವಿಲ್ಲದೆ ಗೆರೆ ಹಾಕಿದ ಕಾಗದದ ಮೇಲೆ ಓಡಿಸಲು ಹೇಳುತ್ತಾರೆ, ಆಮೇಲೆ ಹಳೇ ಬಟ್ಟೆ, ಆಮೇಲೆ ಲಂಗ. ಗಿರಾಕಿಯ ರೇಷ್ಮೆ ರವಿಕೆ ಬಹಳ ದೂರದ ಮಾತು. ಉಗುರಿನ ಕೋಣೆಯಲ್ಲೂ ಅದೇ ಕ್ರಮ ಆಗಬೇಕು.

ಮೆಷಿನ್ ಹಿಡಿದ ಹೊಸ ಕೈ ಎಲ್ಲಿ ತಪ್ಪುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಕಲಿಯುತ್ತಿರುವವರು ಗಮನವಿಟ್ಟು ಕೇಳಬೇಕು.

ಎಲ್ಲಕ್ಕಿಂತ ಹೆಚ್ಚು ಕೆಡುಕಾಗುವುದು ಒತ್ತುವುದರಿಂದ. ಕೈ ಫೈಲಿನಲ್ಲಿ ಒತ್ತಿದಷ್ಟೂ ಕೆಲಸ ಸಾಗುತ್ತದೆ. ಆ ಅಭ್ಯಾಸವನ್ನೇ ಹುಡುಗಿ ಮೆಷಿನ್ನಿಗೂ ತರುತ್ತಾಳೆ. ಮೆಷಿನ್ನಿನಲ್ಲಿ ಕೆಲಸ ಮಾಡುವುದು ಬಿಟ್ಟಿನ ಹಲ್ಲು, ಕೈ ಅದನ್ನು ಹಿಡಿದು ನಡೆಸಿದರೆ ಸಾಕು. ಅಗ್ಗದ ಮೆಷಿನ್ನಿಗೆ ಬಲ ಕಡಿಮೆ, ಒತ್ತಿದ ಕೂಡಲೇ ಸುತ್ತು ನಿಧಾನವಾಗುತ್ತದೆ. ಸುತ್ತು ನಿಧಾನವಾಯಿತೆಂದು ಅವಳು ಇನ್ನೂ ಒತ್ತುತ್ತಾಳೆ, ಇಲ್ಲವೇ ವೇಗ ಏರಿಸುತ್ತಾಳೆ. ಉಜ್ಜಿದಲ್ಲಿ ಕಾವು ಹುಟ್ಟುತ್ತದೆ. ಉಗುರಿಗೆ ಜೀವವಿಲ್ಲ ನಿಜ, ಆದರೆ ಅದರ ಅಡಿಯ ಹಾಸಿನ ತುಂಬ ನರಗಳಿವೆ. ಗಿರಾಕಿ ಚುರ್ ಎಂದು ಕೈ ಎಳೆದುಕೊಳ್ಳುತ್ತಾಳೆ. ಆಗ ನಮ್ಮ ಹುಡುಗಿ ಏನು ಹೇಳುತ್ತಾಳೆ? "ಒಂದ್ನಿಮಿಷ ಅಕ್ಕ, ಆಗೇ ಹೋಯ್ತು." ಆ ಮಾತನ್ನು ನಾನು ನನ್ನ ಕೋಣೆಯಲ್ಲಿ ಆಡಲು ಬಿಡುವುದಿಲ್ಲ. ಉರಿ ಎಂದರೆ ಬಿಟ್ ಮೇಲೆತ್ತಬೇಕು, ಆಗಲೇ, ಆ ಕ್ಷಣವೇ. ಮುಟ್ಟಿ ಎತ್ತಿ, ಮುಟ್ಟಿ ಎತ್ತಿ ಸಾಗುವ ಕೈಯಲ್ಲಿ ಕಾವು ಏರುವುದಿಲ್ಲ. ಒಂದೇ ಕಡೆ ನಿಂತ ಬಿಟ್ ಸುಡುತ್ತದೆ.

ಎರಡನೆಯದು ಕೋನ. ಬಿಟ್ ಉಗುರಿನ ಮೇಲ್ಮೈಗೆ ಸಮವಾಗಿ ಮಲಗಿರಬೇಕು. ಹಿಡಿಯನ್ನು ಎತ್ತಿ ಹಿಡಿದರೆ ಬಿಟ್ಟಿನ ಮೂತಿ ಉಗುರನ್ನು ಕೊರೆಯುತ್ತದೆ. ಉಗುರಿನ ಬುಡದ ಹತ್ತಿರ ಕೆಂಪು ಬಳೆಚೂರಿನಂಥ ಗುರುತು ಕಾಣುತ್ತದಲ್ಲ, ಅದಕ್ಕೆ ಈ ಕಸುಬಿನ ಲೋಕದಲ್ಲಿ ಬೆಂಕಿಯ ಬಳೆ ಎಂಬರ್ಥದ ಹೆಸರೇ ಇದೆ. ಹಳೇ ಜೆಲ್ ಮತ್ತು ಹೊಸದಾಗಿ ಬೆಳೆದ ಉಗುರು ಕೂಡುವ ಏಣನ್ನು ಸಮ ಮಾಡುವಾಗಲೇ ಇದು ಬೀಳುವುದು ಹೆಚ್ಚು. ಬರೆಯುವಾಗ ಕಿರುಬೆರಳನ್ನು ಕಾಗದಕ್ಕೆ ಊರುತ್ತೇವಲ್ಲ, ಇಲ್ಲೂ ಹಾಗೆಯೇ ಕಿರುಬೆರಳನ್ನು ಗಿರಾಕಿಯ ಕೈಗೋ ನಮ್ಮದೇ ಇನ್ನೊಂದು ಕೈಗೋ ಊರಿ ಕೆಲಸ ಮಾಡಬೇಕು. ಊರದ ಕೈ ಗಾಳಿಯಲ್ಲಿ ನಡುಗುತ್ತದೆ.

ದಿಕ್ಕಿನ ವಿಷಯವನ್ನು ಬಹಳ ಮಂದಿ ಕಲಿಸುವುದೇ ಇಲ್ಲ. ಬಿಟ್ ಯಾವ ಕಡೆಗೆ ಉರುಳುತ್ತಿದೆಯೋ ಅದರ ಎದುರಿಗೆ ಕೈ ಸಾಗಬೇಕು. ಅದು ಉರುಳುವ ಕಡೆಗೇ ಕೈಯನ್ನೂ ಬಿಟ್ಟರೆ ಬಿಟ್ ಹಿಡಿತ ತಪ್ಪಿ ಚಕ್ರದಂತೆ ಓಡಿ ಚರ್ಮದ ಮೇಲೆ ಹತ್ತುತ್ತದೆ. ಎಡಗೈ ಬಳಸುವ ಹುಡುಗಿಗೆ ಮೆಷಿನ್ನಿನ ದಿಕ್ಕನ್ನು ತಿರುಗಿಸಿ ಕೊಡಬೇಕೆಂಬುದೂ ಕೆಲವು ಕಡೆ ಗೊತ್ತಿರುವುದಿಲ್ಲ. ಪಾಪ, ತನಗೇ ಕೈಯಲ್ಲಿ ಬರುವುದಿಲ್ಲ ಎಂದು ಅವಳು ಕೊರಗುತ್ತಿರುತ್ತಾಳೆ.

ಬಿಟ್ಟುಗಳ ಬಗ್ಗೆ ಹೇಳಲು ಹೊರಟರೆ ಹೊತ್ತು ಸಾಲದು. ಹೊಸಬರು ಇಷ್ಟು ತಿಳಿದಿರಲಿ. ಕಾರ್ಬೈಡ್ ಬಿಟ್ಟಿಗೆ ಕತ್ತಿಯಂಥ ಹಲ್ಲುಗಳಿವೆ, ಅದು ಅಕ್ರಿಲಿಕ್ ಮತ್ತು ಗಟ್ಟಿ ಜೆಲ್ಲಿಗೆ ಮಾತ್ರ, ಸಹಜ ಉಗುರಿಗೆ ಎಂದೂ ಅಲ್ಲ. ವಜ್ರದ ಪುಡಿ ಅಂಟಿಸಿದ ಬಿಟ್ ಗೀರುತ್ತ ಸವೆಸುತ್ತದೆ, ನಯವಾದ ಹುಡಿ ಎಬ್ಬಿಸುತ್ತದೆ. ಸ್ಯಾಂಡಿಂಗ್ ಬ್ಯಾಂಡ್ ಎಂಬ ಕಾಗದದ ಬಳೆ ಬೇಗ ಕಾಯುತ್ತದೆ, ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸುವಂತಿಲ್ಲ, ಎಸೆಯಬೇಕು. ಮೂತಿ ದುಂಡಗಿರುವ ಸೇಫ್ಟಿ ಬಿಟ್ಟಿನಿಂದಲೇ ಕಲಿಕೆ ಶುರುವಾಗಲಿ. ನೆಲಕ್ಕೆ ಬಿದ್ದು ಸ್ವಲ್ಪವೇ ಬಾಗಿದ ಬಿಟ್ಟನ್ನೂ ಮತ್ತೆ ಹಾಕಬೇಡಿ; ತಿರುಗುವಾಗ ಅದು ಅದುರುತ್ತದೆ, ಅದುರುವ ಬಿಟ್ ಸವೆಸುವುದಿಲ್ಲ, ಕುಟ್ಟುತ್ತದೆ. ಮತ್ತೆ ನಮ್ಮ ಹೆಣ್ಣುಮಕ್ಕಳಿಗೆ ವಿಶೇಷವಾಗಿ: ಜಡೆ ಬಿಗಿದು ಕಟ್ಟಿ, ದುಪಟ್ಟಾವನ್ನು ಹಿಂದೆ ಗಂಟು ಹಾಕಿ. ಬಗ್ಗಿ ಕುಳಿತಾಗ ಮುಂಗುರುಳು ಬಿಟ್ಟಿಗೆ ಸುತ್ತಿಕೊಂಡರೆ ಕಿತ್ತುಕೊಂಡೇ ಹೋಗುತ್ತದೆ.

ಈಗ ಕ್ರಮದ ಮಾತು. ಮೊದಲ ವಾರ ಮೆಷಿನ್ ಆಫ್ ಆಗಿಯೇ ಇರಲಿ, ಹಿಡಿಯುವುದನ್ನು, ಬೆರಳು ಊರುವುದನ್ನು ಕಲಿಯಲಿ. ಆಮೇಲೆ ಪ್ಲಾಸ್ಟಿಕ್ ಟಿಪ್, ಅಂದರೆ ಪ್ಲಾಸ್ಟಿಕ್ಕಿನ ಕೃತಕ ಉಗುರು. ಅದರ ಮೇಲೆ ಮೊದಲು ಬಿಳಿ ಜೆಲ್ ಪಾಲಿಶ್, ಅದರ ಮೇಲೆ ಕೆಂಪು. ಕೆಂಪನ್ನು ಪೂರ್ತಿ ತೆಗೆಯಬೇಕು, ಬಿಳಿಯನ್ನು ಮುಟ್ಟಬಾರದು. ಮೊದಲ ದಿನ ಯಾರಿಗೂ ಬರುವುದಿಲ್ಲ. ಬಿಳಿ ಹರಿದು ಪ್ಲಾಸ್ಟಿಕ್ ಕಾಣುತ್ತದೆ, ಕೆಲವರು ಟಿಪ್ಪನ್ನೇ ತೂತು ಮಾಡುತ್ತಾರೆ. ತೂತಾದರೆ ಆಗಲಿ, ಅದು ಪ್ಲಾಸ್ಟಿಕ್ಕು. ದಿನಾ ಹತ್ತು ಟಿಪ್ಪಿನಂತೆ ಮಾಡುತ್ತ ಹೋದರೆ ಒಂದು ದಿನ ಕಿವಿಗೆ ಗೊತ್ತಾಗತೊಡಗುತ್ತದೆ: ಬಿಟ್ ಹಗುರವಾಗಿ ಓಡುವಾಗಿನ ಸದ್ದೇ ಬೇರೆ, ಒತ್ತಡ ಬಿದ್ದು ನರಳುವಾಗಿನ ಸದ್ದೇ ಬೇರೆ. ಕಣ್ಣಿಗಿಂತ ಮೊದಲು ಕಿವಿ ಕಲಿಯುತ್ತದೆ. ಅಲ್ಲಿಯವರೆಗೆ ಕಾಯಬೇಕು. ಅದಾದ ಮೇಲೆ ರಬ್ಬರಿನ ಅಭ್ಯಾಸದ ಕೈ, ಆಮೇಲೆ ಸಹಪಾಠಿಯ ಬೆರಳು, ಅದೂ ತಾನೇ ಕೂರಿಸಿದ ಜೆಲ್ಲಿನ ಮೇಲಷ್ಟೇ. ಸಹಜ ಉಗುರಿನ ಮೇಲೆ ಒಂದು ತೆಳು ಪದರ ಜೆಲ್ ಉಳಿಸಿ ನಿಲ್ಲಿಸುವುದನ್ನು ಕಲಿತವಳು ಈ ಕಸುಬಿನ ಅರ್ಧವನ್ನು ಕಲಿತಂತೆ. ಗಟ್ಟಿ ಜೆಲ್ ಅಸಿಟೋನಿನಲ್ಲಿ ಕರಗುವುದಿಲ್ಲ, ಸವೆಸಲೇಬೇಕು. ಆದರೆ ಪೂರ್ತಿ ಬರಿದು ಮಾಡುವ ಹಟ ಬೇಡ, ಆ ತೆಳು ಪದರದ ಮೇಲೆಯೇ ಮತ್ತೆ ತುಂಬಬಹುದು. ಸಾಮಾನ್ಯ ಜೆಲ್ ಪಾಲಿಶಿಗಾದರೆ ಮೇಲಿನ ಹೊಳಪನ್ನಷ್ಟೇ ಸವೆಸಿ, ಅಸಿಟೋನಿನ ಹತ್ತಿ ಇಟ್ಟು, ಫಾಯಿಲ್ ಸುತ್ತಿ ಹತ್ತು ಹದಿನೈದು ನಿಮಿಷ ಕಾಯಿರಿ. ಆ ಹದಿನೈದು ನಿಮಿಷ ಉಳಿಸಲು ಮೆಷಿನ್ ಇಡಬೇಡಿ.

ಬುಡದ ಚರ್ಮದ ಕೆಲಸ ಎಲ್ಲಕ್ಕಿಂತ ಕೊನೆಗೆ. ಈಗ ರಷ್ಯನ್ ಮ್ಯಾನಿಕ್ಯೂರ್ ಎಂದು ಬಹಳ ಕೇಳುತ್ತಾರೆ. ನೀರು ಮುಟ್ಟಿಸದೆ, ಸಣ್ಣ ಬಿಟ್ಟಿನಿಂದ ಉಗುರಿನ ಬುಡದ ಸತ್ತ ಚರ್ಮವನ್ನೆಲ್ಲ ತೆಗೆದು, ಬಣ್ಣ ಬುಡಕ್ಕೇ ಅಂಟಿಕೊಂಡಂತೆ ಹಚ್ಚುವುದು. ಬಲ್ಲವರ ಕೈಯಲ್ಲಿ ಬಹಳ ಚೆಂದ ಬರುತ್ತದೆ, ಇಲ್ಲ ಎನ್ನಲಾರೆ. ಆದರೆ ಉಗುರಿಗೆ ಅಂಟಿದ ಸತ್ತ ಪೊರೆ ಬೇರೆ, ಅದರ ಹಿಂದೆ ಕಾವಲಿಗೆ ನಿಂತ ಜೀವಂತ ಚರ್ಮ ಬೇರೆ. ಎರಡರ ನಡುವಿನ ಅಂತರ ಹೊಸ ಕಣ್ಣಿಗೆ ಕಾಣದು. ಜೀವಂತ ಚರ್ಮ ಹೋದರೆ ರೋಗಾಣುಗಳಿಗೆ ಬಾಗಿಲು ತೆರೆದಂತೆ, ಉಗುರುಸುತ್ತು ಆಗುತ್ತದೆ. ಹಳ್ಳಿಯಲ್ಲಿ ಆಗ ಬೆರಳಿಗೆ ನಿಂಬೆಹಣ್ಣು ತೊಡಿಸುತ್ತಾರೆ. ಆದರೆ ಕೀವು ತುಂಬಿದ ಬೆರಳನ್ನು ವೈದ್ಯರಿಗೆ ತೋರಿಸಬೇಕು. ಸಕ್ಕರೆ ಕಾಯಿಲೆಯವರು, ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಬಂದರೆ ಹೊಸಬರು ಅವರ ಚರ್ಮದ ಹತ್ತಿರ ಮೆಷಿನ್ ಒಯ್ಯಲೇಬಾರದು. ಕೇಳಿ ತಿಳಿದುಕೊಳ್ಳುವುದು ನಾಚಿಕೆಯ ವಿಷಯವಲ್ಲ.

ಬಿಟ್ಟಿಗೆ ರಕ್ತ ತಾಗಿದರೆ ಬರಿಯ ಸ್ಪಿರಿಟ್ಟಿನಲ್ಲಿ ಒರೆಸಿದರೆ ಸಾಲದು. ಹೆಪಟೈಟಿಸ್ ಬಿ ವೈರಸ್ ಒಣಗಿದ ಮೇಲ್ಮೈಯಲ್ಲೂ ಏಳು ದಿನ ಜೀವ ಹಿಡಿದಿರಬಲ್ಲದು. ಬ್ರಷ್ಷಿನಿಂದ ತಿಕ್ಕಿ ತೊಳೆದು, ಆಸ್ಪತ್ರೆಯಲ್ಲಿ ಬಳಸುವಂಥ ಸೋಂಕುನಾಶಕದಲ್ಲಿ ಮುಳುಗಿಸಿ, ಆಟೋಕ್ಲೇವಿನಲ್ಲಿ ಇಟ್ಟು ತೆಗೆಯಬೇಕು. ನೀಲಿ ದೀಪದ ಯುವಿ ಡಬ್ಬಿ ತೊಳೆದಿಟ್ಟ ಸಾಮಾನನ್ನು ಇಡಲು ಆದೀತು, ಅದರಿಂದ ಶುದ್ಧಿಯಾಗುತ್ತದೆ ಎಂದು ನಂಬಬೇಡಿ.

ಹುಡಿಯ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ, ಏಕೆಂದರೆ ಇದರಲ್ಲಿ ನೋಯುವವಳು ಗಿರಾಕಿಯಲ್ಲ, ನಮ್ಮ ಹುಡುಗಿ. ಕೈ ಫೈಲಿನ ಹುಡಿ ಮೇಜಿನ ಮೇಲೆ ಬೀಳುತ್ತದೆ. ಮೆಷಿನ್ನಿನ ಹುಡಿ ಗಾಳಿಯಲ್ಲಿ ತೇಲುತ್ತದೆ. ಮನೆಯ ಮುಂಕೋಣೆಯಲ್ಲಿ ಫ್ಯಾನ್ ಹಾಕಿಕೊಂಡು ಕೆಲಸ ಮಾಡಿದರೆ ಅದು ಮಗುವಿನ ತೊಟ್ಟಿಲಿಗೂ ಹೋಗುತ್ತದೆ, ಅಡುಗೆಮನೆಗೂ ಹೋಗುತ್ತದೆ. ಆ ಹುಡಿಯಲ್ಲಿರುವ, ಸರಿಯಾಗಿ ಗಟ್ಟಿಯಾಗದ ಜೆಲ್ಲಿನ ಅಂಶ ಚರ್ಮಕ್ಕೆ ತಾಗುತ್ತ ತಾಗುತ್ತ ಅಲರ್ಜಿ ಹುಟ್ಟಬಹುದು. ಬೆರಳು ಸಿಪ್ಪೆಯೇಳುತ್ತದೆ, ಕಣ್ಣಿನ ರೆಪ್ಪೆ ಊದುತ್ತದೆ. ಒಮ್ಮೆ ಬಂದ ಆ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಅದೇ ಜಾತಿಯ ವಸ್ತುಗಳು ಹಲ್ಲಿನ ಫಿಲ್ಲಿಂಗಿನಲ್ಲೂ ಮೂಳೆಗೆ ಹಾಕುವ ಸಿಮೆಂಟಿನಲ್ಲೂ ಇವೆ, ಆ ಅಲರ್ಜಿ ಅಲ್ಲೂ ಕಾಡಬಹುದು. ಆದ್ದರಿಂದ ಮೆಷಿನ್ ಕೊಳ್ಳುವ ದಿನವೇ ಹುಡಿ ಎಳೆಯುವ ಯಂತ್ರವನ್ನೂ ಕೊಳ್ಳಬೇಕು. ಎರಡಕ್ಕೂ ದುಡ್ಡು ಸಾಲದಿದ್ದರೆ ಮೆಷಿನ್ ಇನ್ನೂ ಎರಡು ತಿಂಗಳು ತಡವಾಗಲಿ. ಮುಖಕ್ಕೆ ಎನ್-95 ಮಾಸ್ಕ್. ಬಟ್ಟೆಯ ಮಾಸ್ಕ್ ಈ ಹುಡಿಯನ್ನು ತಡೆಯದು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಉಗುರಿನ ಕೆಲಸಕ್ಕೆ 400 ಗಂಟೆಯ ತರಬೇತಿ, ಪರೀಕ್ಷೆ, ಪರವಾನಗಿ ಇವೆ. ನಮ್ಮಲ್ಲಿ ಈ ಕೆಲಸಕ್ಕೆಂದೇ ಅಂಥ ಪರವಾನಗಿ ಇಲ್ಲ. ಐಟಿಐಗಳಲ್ಲಿ ಕಾಸ್ಮೆಟಾಲಜಿಯ ಒಂದು ವರ್ಷದ ಕೋರ್ಸ್ ಇದೆ. ಆದರೆ ಬಹುಪಾಲು ಹುಡುಗಿಯರು ಬರುವುದು ಮೂರು ದಿನ, ಏಳು ದಿನದ ಖಾಸಗಿ ತರಗತಿಗಳಿಗೆ. ಕಾನೂನು ಕೇಳದಿದ್ದಾಗ ಕಲಿಸುವವರ ಮನಸ್ಸಾಕ್ಷಿಯೇ ಕೇಳಬೇಕಾಗುತ್ತದೆ. ಸಾಲ ಮಾಡಿ ಬಂದ ಹುಡುಗಿಗೆ ಬೇಗ ಸಂಪಾದಿಸುವ ಆತುರ ಇರುವುದು ಸಹಜ. ಆದರೆ ಅವಳ ಊರಿನಲ್ಲಿ ಒಬ್ಬ ಮದುಮಗಳ ಉಗುರು ಹಾಳಾದರೆ ಆ ಸುದ್ದಿ ಒಂದೇ ವಾರದಲ್ಲಿ ಊರೆಲ್ಲ ಹಬ್ಬುತ್ತದೆ, ಮತ್ತೆ ಅವಳ ಅಂಗಡಿಯ ಮೆಟ್ಟಿಲು ಯಾರೂ ಹತ್ತುವುದಿಲ್ಲ.

ಕೈ ಚಾಚಿ ಕೂರುವ ಅಕ್ಕ ತಂಗಿಯರಿಗೂ ಒಂದು ಮಾತು. ಬಿಟ್ ತೊಳೆದಿದ್ದೀರಾ ಎಂದು ಕೇಳಿ. ಉರಿದರೆ ಸಂಕೋಚಪಡದೆ ಕೈ ಎಳೆದುಕೊಳ್ಳಿ. ಬೇಗ ಮುಗಿಸಿ ಎಂದು ಮಾತ್ರ ಅವಸರ ಮಾಡಬೇಡಿ, ಆ ಅವಸರಕ್ಕೆ ದಂಡ ಕಟ್ಟುವುದು ನಿಮ್ಮದೇ ಉಗುರು.

ಇನ್ನು ನನ್ನಂತೆ ಕಲಿಸುವವರಿಗೆ ನನ್ನ ಬಿನ್ನಹ ಇಷ್ಟೆ. ಹುಡುಗಿಯ ಪ್ರಮಾಣಪತ್ರಕ್ಕೆ ಸಹಿ ಹಾಕುವ ಮೊದಲು ನಿಮ್ಮ ಸ್ವಂತ ಉಗುರಿಗೆ ಜೆಲ್ ಕೂರಿಸಿಕೊಂಡು ಅವಳ ಮುಂದೆ ಕುಳಿತುಕೊಳ್ಳಿ, ಮೆಷಿನ್ ಅವಳ ಕೈಗೆ ಕೊಡಿ, ಹತ್ತು ಬೆರಳನ್ನೂ ಕೊಡಿ. ಹಾಗೆ ಕೊಡಲು ಮನಸ್ಸು ಹಿಂಜರಿದರೆ ಅವಳನ್ನು ಇನ್ನೂ ಒಂದು ತಿಂಗಳು ಪ್ಲಾಸ್ಟಿಕ್ ಟಿಪ್ಪಿನ ಮುಂದೆಯೇ ಕೂರಿಸಿ, ಅದಕ್ಕೆ ಬೇರೆ ಫೀಸು ಕೇಳಬೇಡಿ.